ಅರಸನ ಪಾಪವನ್ನು ಹೊರುವವರು ಯಾರು?



'ಮಾಡಿದ್ದುಣ್ಣೋ ಮಹಾರಾಯ' ಎಂಬುದು ನಮ್ಮ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿರುವ ಗಾದೆ. ಬಡವನಾಗಲಿ ಬಲ್ಲಿದನಾಗಲಿ, ತಾನು ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣಬೇಕೆಂಬ ತತ್ತ್ವವನ್ನು ಈ ಗಾದೆಯು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಆದರೆ ಒಂದು ವಿಷಯವನ್ನು ಗಮನಿಸಿರಿ. ಗಾದೆಯು ಈ ಮಾತನ್ನು ಹೇಳುತ್ತಿರುವುದು ಆಳಿಗಲ್ಲ, ಮಹಾರಾಯನಿಗೆ. ಆ ಮಹಾರಾಯನು ನಿಜವಾಗಿಯೂ ತಾನು ಮಾಡಿದ್ದನ್ನು ತಾನೇ ಉಂಡನೇ, ಇಲ್ಲವೇ ಅವನು ಮಾಡಿದ್ದನ್ನು ಉಣ್ಣುವುದಕ್ಕೆ ಬೇರೆಯವರು ಇದ್ದರೇ ಎಂಬುದು ವಿಚಾರಮಾಡಬೇಕಾದ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಬಚ್ಚಿಡದೆ ಬಯಲಿಗಿಟ್ಟ ಒಂದು ಜನಾಂಗವು ನಮ್ಮ ದೇಶದಲ್ಲಿಯೇ ಇದೆ. ಈಶಾನ್ಯದ ಮಣಿಪುರದಲ್ಲಿ, ಸುತ್ತಲೂ ಬೆಟ್ಟಗಳಿಂದ ಆವರಿಸಲ್ಪಟ್ಟ ಇಂಫಾಲದ ಬಯಲಿನಲ್ಲಿ ಬಾಳಿಕೊಂಡು ಬಂದಿರುವ ಮೈತೇಯಿ ಜನರೇ ಅವರು. ಅರಸೊತ್ತಿಗೆಯನ್ನು ಅವರು ಕಂಡ ಬಗೆಯನ್ನೂ ಆ ಅರಸೊತ್ತಿಗೆಯು ಅವರನ್ನು ನಡೆಯಿಸಿಕೊಂಡ ಬಗೆಯನ್ನೂ ನೋಡಿದರೆ, ಆಳುವವರ ಧರ್ಮವೇನು ಎಂಬ ವಿಷಯದಲ್ಲಿ ನಮಗೆ ತಿಳಿವಳಿಕೆಯೊದಗುವುದರಲ್ಲಿ ಸಂದೇಹವಿಲ್ಲ.

ಮೈತೇಯಿ ಜನರು ತಮ್ಮ ಅರಸನನ್ನು 'ನಿಂಗ್ಥೌ' ಎಂದು ಕರೆಯುತ್ತಾರೆ. ಅವರ ರಾಜವಂಶದ ವೃತ್ತಾಂತಕ್ಕೆ 'ಚೈಥಾರೋಲ್ ಕುಂಬಾಬಾ' ಎಂದು ಹೆಸರು. ಈ ವೃತ್ತಾಂತವು ನೋಂಗ್ಡಾ ಲೈರೆನ್ ಪಾಖಂಗ್ಬಾ ಎಂಬುವನನ್ನು ಮೊದಲ ಅರಸನೆಂದು ಹೇಳಿ, ಅವನು ಕ್ರಿ.ಶ. ೩೩ರಲ್ಲಿ ಪಟ್ಟಕ್ಕೆ ಬಂದನೆಂದು ಎಣಿಸುತ್ತದೆ. ಅಂದಿನಿಂದ ೧೯೪೯ರವರೆಗೆ ಒಂದೇ ವಂಶದ ಹೆಸರಿನಲ್ಲಿ ಆಳ್ವಿಕೆ ನಡೆಯಿತೆಂಬುದು ಪರಂಪರೆಯ ನಂಬಿಕೆ. ಮೈತೇಯಿಗಳಲ್ಲಿ ಏಳು ಕುಲಗಳುಂಟು. ಅವುಗಳಲ್ಲಿ ನಿಂಗ್ಥೌಜಾ ಎಂಬುದು ಅರಸು ಕುಲ. ಇಂಫಾಲದ ನಡುವೆ ಇರುವ ಕಾಂಗ್ಲಾ ಕೋಟೆಯು ಅವರಿಗೆ ರಾಜಧಾನಿ ಮಾತ್ರವಲ್ಲ, ಪುಣ್ಯಕ್ಷೇತ್ರವೂ ಹೌದು. ತನ್ನ ಬಾಲವನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು ಸುರುಳಿಸುತ್ತಿರುವ ಸರ್ಪರೂಪಿಯಾದ ಪಾಖಂಗ್ಬಾ ದೇವತೆಯ ನೆಲೆ ಅದೇ ಎಂದು ಅವರು ಭಾವಿಸುತ್ತಾರೆ. ಅರಸನು ಕ್ಷೇಮವಾಗಿದ್ದರೆ ನಾಡು ಕ್ಷೇಮ. ಅವನಿಗೆ ಕೇಡಾದರೆ ಬೆಳೆಗೂ ಕೇಡು, ಜನಕ್ಕೂ ಕೇಡು. 'ರಾಜಾ ಪ್ರತ್ಯಕ್ಷ ದೇವತಾ' ಎಂಬ ಮಾತನ್ನು ಕೇಳಿರುವ ನಮಗೆ ಈ ಭಾವನೆಯು ತೀರ ಹೊಸದೇನೂ ಅಲ್ಲ.

ಆದರೆ ಈ ವಂಶದ ಮೂಲಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜಗತ್ಪಿತನಿಗೆ ಇಬ್ಬರು ಮಕ್ಕಳು. ಹಿರಿಯನು ಸನಾಮಹಿ, ಕಿರಿಯನು ಪಾಖಂಗ್ಬಾ. ಲೋಕವನ್ನು ಸುತ್ತಿ ಮೊದಲು ಬಂದವನಿಗೆ ಸಿಂಹಾಸನವೆಂದು ತಂದೆಯು ಹೇಳಿದನಂತೆ. ಹಿರಿಯನು ಲೋಕವನ್ನು ಸುತ್ತಲು ಹೊರಟನು. ಕಿರಿಯನು ತಂದೆಯ ಸಿಂಹಾಸನವನ್ನೇ ಸುತ್ತಿ ಬಂದು ಕೈಮುಗಿದು ನಿಂತನು. ಸಿಂಹಾಸನ ಅವನಿಗಾಯಿತು. ಗಣಪತಿ ಮತ್ತು ಷಣ್ಮುಖರ ಕಥೆಯನ್ನು ಬಾಲ್ಯದಿಂದ ಕೇಳಿದ ನಮಗೆ ಇದು ಒಡನೆಯೇ ಪರಿಚಿತವೆನಿಸುತ್ತದೆ. ಪಾಖಂಗ್ಬಾ ಎಂಬ ಹೆಸರಿಗೆ 'ತಂದೆಯನ್ನು ಅರಿತವನು' ಎಂದು ಅರ್ಥ ಹೇಳುತ್ತಾರೆ. ನೋಡಿರಿ, ವಂಶಪಾರಂಪರ್ಯದ ಮೇಲೆ ನಿಂತ ಅರಸೊತ್ತಿಗೆಯ ಮೂಲಕಥೆಯೇ ಹಿರಿತನಕ್ಕೆ ಪಟ್ಟ ಕೊಡಲಿಲ್ಲ, ಅರಿವಿಗೆ ಕೊಟ್ಟಿತು!

ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಹಿಂದಿರುಗಿ ಬಂದ ಸನಾಮಹಿಯು ಕೋಪಗೊಂಡನು. ಅವನಿಗಾದ ಸಮಾಧಾನವೇನೆಂದರೆ, ಪಾಖಂಗ್ಬಾ ನಾಡಿಗೆ ಒಡೆಯ, ಸನಾಮಹಿ ಪ್ರತಿ ಮನೆಗೂ ಒಡೆಯ. ಇಂದಿಗೂ ಮೈತೇಯಿ ಮನೆಯ ನೈಋತ್ಯ ಮೂಲೆಯಲ್ಲಿ ಸನಾಮಹಿಗೆ ಸ್ಥಾನವಿರುತ್ತದೆ. ಕೋಟೆಯಲ್ಲಿ ಒಬ್ಬ ಅರಸು, ಗುಡಿಸಿಲಿನಲ್ಲಿಯೂ ಒಬ್ಬ ಅರಸು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಗೆ ನಾವು ಅಲ್ಲಿಗೇ ಬರಬೇಕಾಗಿದೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಕ್ಯಾಂಬಾ ಎಂಬ ಅರಸನ ಕಾಲದಲ್ಲಿ, ೧೪೮೫ರಲ್ಲಿ, ಮೈತೇಯಿಗಳಲ್ಲಿ ಒಂದು ಪದ್ಧತಿಯು ನೆಲೆಗೊಂಡಿತು. ಪ್ರತಿವರ್ಷವೂ ಗ್ರಹಗತಿಯನ್ನು ನೋಡಿ ಒಬ್ಬ ಮನುಷ್ಯನನ್ನು ಆರಿಸುತ್ತಾರೆ. ಅವನಿಗೆ 'ಚೈಥಾಬಾ' ಎಂದು ಹೆಸರು. ಆ ವರ್ಷಕ್ಕೆ ಅವನ ಹೆಸರನ್ನೇ ಇಡುತ್ತಾರೆ. ಹೀಗೆ ವರ್ಷದಿಂದ ವರ್ಷಕ್ಕೆ ಬರೆದಿಟ್ಟ ಲೆಕ್ಕವೇ ರಾಜವೃತ್ತಾಂತಕ್ಕೆ ಆಧಾರವಾಯಿತು. ಆದರೆ ಹೆಸರು ಕೊಡುವುದಷ್ಟೇ ಅವನ ಕೆಲಸವಲ್ಲ. ಆ ವರ್ಷ ಅರಸನಿಗೂ ನಾಡಿಗೂ ಬರಬಹುದಾದ ಪಾಪ, ರೋಗ, ಕಷ್ಟಗಳನ್ನೆಲ್ಲ ತಾನು ಹೊರುವೆನೆಂದು ಅವನು ಎಲ್ಲರೆದುರು ಒಪ್ಪಿಕೊಳ್ಳಬೇಕು. ಮರುವರ್ಷ ಆ ಹೊರೆಯು ಮತ್ತೊಬ್ಬನ ಹೆಗಲಿಗೆ. ಮಣಿಪುರದ ಮತ್ತೊಂದು ಆಚರಣೆಯನ್ನು ಫ್ರೇಜರ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಸಂತೆಯ ಬಯಲಿನಲ್ಲಿ ಕಟ್ಟಿದ ಅಟ್ಟದ ಮೇಲೆ ರಾಜರಾಣಿಯರು ಸ್ನಾನ ಮಾಡುವರು. ಅಟ್ಟದ ಕೆಳಗೆ ಒಬ್ಬ ಅಪರಾಧಿ ಮುದುಡಿ ಕುಳಿತಿರುವನು. ಮೇಲಿನಿಂದ ಬಿದ್ದ ನೀರಿನೊಡನೆ ಅರಸನ ಪಾಪವೂ ಅವನ ಮೇಲೆ ಇಳಿಯುವುದು. ಅರಸನು ತೊಟ್ಟ ಬಟ್ಟೆಯೂ ಅವನಿಗೆ, ಅರಸನ ಪಾಪವೂ ಅವನಿಗೆ. ಅದಕ್ಕೆ ಪ್ರತಿಯಾಗಿ ಅವನ ಅಪರಾಧಕ್ಕೆ ಕ್ಷಮೆ.

ಇದನ್ನು ಓದಿದಾಗ ನಮ್ಮ ಮನಸ್ಸಿನಲ್ಲಿ ಮೊದಲು ಏಳುವುದು ತಿರಸ್ಕಾರ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ಉಣ್ಣುವುದೆಂತು? ನೀರಿನಿಂದ ಪಾಪವು ಜಾರಿ ಹೋಗುವುದಾದರೆ ಲೋಕದಲ್ಲಿ ನೀತಿಯೆಂಬುದಕ್ಕೆ ಬೆಲೆಯೇನು? ಈ ಆಕ್ಷೇಪಣೆಯು ಸರಿಯಾದುದೇ. ಆದರೂ ಅವಸರಪಡದೆ ಇನ್ನೊಂದು ಮಗ್ಗುಲನ್ನು ನೋಡಬೇಕು. ಅರಸನು ತಪ್ಪನ್ನೇ ಮಾಡಲಾರನು ಎಂಬುದು ಆಂಗ್ಲರ ನ್ಯಾಯಶಾಸ್ತ್ರದ ಒಂದು ಸೂತ್ರ. ಮೈತೇಯಿಗಳು ಹಾಗೆ ಹೇಳಲಿಲ್ಲ. ಅರಸನಿಗೂ ಪಾಪವುಂಟು, ಆ ಪಾಪವು ನಾಡನ್ನು ತಟ್ಟುವುದುಂಟು, ಅದನ್ನು ಯಾರಾದರೊಬ್ಬರು ಹೊರಲೇಬೇಕು ಎಂದು ವರ್ಷಕ್ಕೊಮ್ಮೆ ಎಲ್ಲರೆದುರು ಒಪ್ಪಿಕೊಂಡರು. ಹೊತ್ತವನ ಹೆಸರನ್ನು ಅನಾಮಧೇಯವಾಗಿ ಬಿಡದೆ, ಅರಸನ ವೃತ್ತಾಂತದಲ್ಲಿಯೇ ವರ್ಷದ ತಲೆಯ ಮೇಲೆ ಬರೆದರು. ಆಳುವವನ ದೋಷಕ್ಕೆ ಬೆಲೆ ತೆತ್ತವನ ಹೆಸರನ್ನು ಹೀಗೆ ಬರೆದಿಟ್ಟ ರಾಜ್ಯಗಳು ಜಗತ್ತಿನಲ್ಲಿ ಬಹಳವೇನೂ ಇಲ್ಲ.

ಹಾಗಾದರೆ ದೋಷವು ಎಲ್ಲಿದೆ? ನನಗೆ ತೋರುವಂತೆ, ಇಡೀ ವಿಚಾರವು ಎರಡು ಕ್ರಿಯಾಪದಗಳ ಅಂತರದಲ್ಲಿ ಅಡಗಿದೆ. ಒಂದು 'ಹೊರುವುದು', ಇನ್ನೊಂದು 'ಹೊರಿಸುವುದು'. ತಾಯಿಯು ಮಗುವಿನ ಕಷ್ಟವನ್ನು ಹೊರುತ್ತಾಳೆ. ಗುರುವು ಶಿಷ್ಯನ ಅಜ್ಞಾನದ ಭಾರವನ್ನು ಹೊರುತ್ತಾನೆ. ಬಲವುಳ್ಳವನು ಬಲವಿಲ್ಲದವನ ಭಾರವನ್ನು ತಾನಾಗಿ ಹೊತ್ತರೆ ಅದು ಕರುಣೆ. ಅದೇ ಭಾರವನ್ನು ಬಲವುಳ್ಳವನು ಬಲವಿಲ್ಲದವನ ತಲೆಗೆ ಸಾಗಿಸಿದರೆ ಅದು ಅನ್ಯಾಯ. ಕ್ರಿಯೆಯು ಒಂದೇ, ದಿಕ್ಕು ಬೇರೆ. ಅರಸನು ನಾಡಿನ ಭಾರವನ್ನು ಹೊತ್ತಾಗ ಅವನು ನಿಂಗ್ಥೌ. ತನ್ನ ಭಾರವನ್ನು ನಾಡಿಗೆ ಹೊರಿಸಿದಾಗ ಅವನಲ್ಲಿ ಉಳಿಯುವುದು ಕೇವಲ ಹುಟ್ಟು. ಈ ಅಳತೆಗೋಲನ್ನು ಹಿಡಿದು ಮೈತೇಯಿ ಅರಸರ ಇತಿಹಾಸದ ಕೆಲವು ಘಟ್ಟಗಳನ್ನು ನೋಡೋಣ.

ಮೈತೇಯಿ ರಾಜ್ಯದಲ್ಲಿ 'ಲಲ್ಲುಪ್' ಎಂಬ ವ್ಯವಸ್ಥೆಯಿತ್ತು. ಪ್ರಾಯಕ್ಕೆ ಬಂದ ಪ್ರತಿ ಗಂಡಸೂ ನಲವತ್ತು ದಿನಗಳಿಗೆ ಹತ್ತು ದಿನ ಅರಸನ ಕೆಲಸಕ್ಕೆ ಹೋಗಬೇಕು. ಯುದ್ಧವಾದರೆ ಯುದ್ಧ, ಕಾಲುವೆಯಾದರೆ ಕಾಲುವೆ. ಗಂಡಸರು ಹೀಗೆ ಹೊರಟಮೇಲೆ ಮನೆಯನ್ನೂ ಮಾರಾಟವನ್ನೂ ನಡೆಸಿದವರು ಹೆಂಗಸರು. ಇಂಫಾಲದ ಪ್ರಸಿದ್ಧವಾದ ತಾಯಂದಿರ ಸಂತೆಯು ಬೆಳೆದುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ನೆರೆಯನ್ನು ತಡೆಯುವ ಕಟ್ಟೆಗಾಗಿ ಹತ್ತು ದಿನ ದುಡಿದರೆ ಅದು ನಾಡಿನ ಹೊರೆಯನ್ನು ನಾಡೇ ಹೊತ್ತಂತೆ. ಅರಸುಮಕ್ಕಳ ಜಗಳಕ್ಕಾಗಿ ಅದೇ ಜನರು ಬಿಲ್ಲು ಹಿಡಿಯಬೇಕಾದಾಗ ಅದು ಬೇರೆಯೇ ಆಗುತ್ತದೆ. ಈ ಪದ್ಧತಿಯು ೧೮೯೨ರಲ್ಲಿ ರದ್ದಾಯಿತು.

ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಪಾಮ್ಹೈಬಾ ಮಹಾ ಶೂರ. ಗರೀಬ್ ನಿವಾಜ್, ಎಂದರೆ ಬಡವರ ಪಾಲಿನ ದಯಾಳು, ಎಂಬುದು ಅವನ ಬಿರುದು. ಶಾಂತಿದಾಸ ಗೋಸಾಯಿ ಎಂಬ ವೈಷ್ಣವ ಗುರುವಿನಿಂದ ಅವನು ದೀಕ್ಷೆ ಪಡೆದನು. ಅರಸನು ತನ್ನ ಆತ್ಮಕ್ಕೆ ಒಪ್ಪಿದ ಮಾರ್ಗವನ್ನು ಹಿಡಿದುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನೇ ಅವನು ನಾಡಿನ ಮೇಲೆಯೂ ವಿಧಿಸಿದನು. ಪುಯಾ ಎಂಬ ಪ್ರಾಚೀನ ಗ್ರಂಥಗಳನ್ನು ಸುಡಿಸಿದನೆಂಬ ನೋವು ಅನೇಕ ಮೈತೇಯಿಗಳ ಮನಸ್ಸಿನಲ್ಲಿ ಇಂದಿಗೂ ಆರಿಲ್ಲ. ಅವನ ಮೊಮ್ಮಗ ಭಾಗ್ಯಚಂದ್ರನೂ ವೈಷ್ಣವನೇ. ಬರ್ಮೀಯರ ದಾಳಿಯಿಂದ ರಾಜ್ಯವನ್ನು ಕಳೆದುಕೊಂಡು ಅಸ್ಸಾಮಿನ ಅಹೋಮ್ ಅರಸರ ಆಶ್ರಯದಲ್ಲಿ ದೇಶಭ್ರಷ್ಟನಾಗಿ ಬಾಳಿದವನು ಅವನು. ಮರಳಿ ಬಂದ ಮೇಲೆ ಗೋವಿಂದಜಿಯನ್ನು ಪ್ರತಿಷ್ಠಿಸಿ, ಮಣಿಪುರದ ರಾಸಲೀಲೆಯನ್ನು ರೂಪಿಸಿದನು. ಕೊನೆಗೆ ೧೭೯೮ರಲ್ಲಿ ಮಗನಿಗೆ ಪಟ್ಟವನ್ನು ಒಪ್ಪಿಸಿ ಯಾತ್ರೆಗೆ ಹೊರಟು ಬಂಗಾಳದ ನೆಲದಲ್ಲಿ ದೇಹವಿಟ್ಟನು. ತಾತನ ಧರ್ಮವು ಆಜ್ಞೆಯಾಗಿ ಬಂದಿತು. ಮೊಮ್ಮಗನ ಧರ್ಮವು ಹಾಡಾಗಿ, ಕುಣಿತವಾಗಿ ಬಂದಿತು. ಯಾವುದು ಜನರ ಹೃದಯದಲ್ಲಿ ಹೆಚ್ಚು ಪ್ರೀತಿಯಿಂದ ಉಳಿಯಿತೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ಅಂಥ ಭಾಗ್ಯಚಂದ್ರನ ಮಕ್ಕಳೇ ಸಿಂಹಾಸನಕ್ಕಾಗಿ ಒಬ್ಬರ ಮೇಲೊಬ್ಬರು ಕತ್ತಿಯೆತ್ತಿದರು. ಎಲ್ಲರೂ ಅರಸುಮಕ್ಕಳೇ ಆದಮೇಲೆ ಹುಟ್ಟು ಎಂಬುದು ಯಾರ ಪರವಾಗಿ ಸಾಕ್ಷಿ ನುಡಿಯಬಲ್ಲುದು? ಅವರಲ್ಲಿ ಮರ್ಜಿತ್ ಎಂಬುವನು ಬರ್ಮಾ ಅರಸನ ಸೈನ್ಯದ ನೆರವಿನಿಂದ ೧೮೧೩ರಲ್ಲಿ ಪಟ್ಟವನ್ನೇರಿದನು. ೧೮೧೯ರಲ್ಲಿ ಹೊಸ ಬರ್ಮಾ ಅರಸನ ಪಟ್ಟಾಭಿಷೇಕಕ್ಕೆ ಅವನು ಹೋಗಲಿಲ್ಲವೆಂಬುದೇ ನೆಪವಾಗಿ ಬರ್ಮೀಯರ ಸೈನ್ಯವು ಮಣಿಪುರಕ್ಕೆ ನುಗ್ಗಿತು. ಮರ್ಜಿತನು ತಪ್ಪಿಸಿಕೊಂಡು ಕಾಚಾರಿಗೆ ಓಡಿದನು. ೧೮೨೬ರವರೆಗೆ ನಡೆದ ಆ ಅನಾಹುತವನ್ನು ಮೈತೇಯಿಗಳು 'ಏಳು ವರ್ಷಗಳ ಹಾಳು' ಎಂದೇ ಕರೆಯುತ್ತಾರೆ. ಸಾವಿರಾರು ಜನರನ್ನು ಸೆರೆಹಿಡಿದು ಆವಾ ರಾಜ್ಯಕ್ಕೆ ಸಾಗಿಸಿದರು, ಊರುಗಳು ಬರಿದಾದವು. ಅಣ್ಣತಮ್ಮಂದಿರ ಪಾಪವನ್ನು ಹೊತ್ತವನು ಆ ವರ್ಷದ ಚೈಥಾಬಾ ಒಬ್ಬನೇ ಅಲ್ಲ, ನಾಡಿಗೆ ನಾಡೇ ಹೊತ್ತಿತು.

೧೮೯೧ರಲ್ಲಿ ಇದೇ ಕಥೆಯು ಇನ್ನೊಂದು ರೂಪದಲ್ಲಿ ಬಂದಿತು. ಹಿಂದಿನ ವರ್ಷ ಅರಮನೆಯೊಳಗಿನ ಸೋದರಕಲಹದಿಂದ ಸುರಚಂದ್ರನು ಪಟ್ಟವನ್ನು ಬಿಟ್ಟು ಹೋಗಿ, ಕುಲಚಂದ್ರನು ಅರಸನಾಗಿದ್ದನು. ಅದನ್ನು ನೆಪಮಾಡಿಕೊಂಡು ಬ್ರಿಟಿಷರು ಬಂದರು, ಅವರ ಅಧಿಕಾರಿಗಳು ಕಾಂಗ್ಲಾದಲ್ಲಿ ಹತರಾದರು, ಯುದ್ಧ ನಡೆಯಿತು. ಆ ಏಪ್ರಿಲ್ ೨೩ರಂದು ಖೋಂಗ್ಜೋಮ್ ರಣರಂಗದಲ್ಲಿ ಪಾವೊನಾ ಬ್ರಜಬಾಸಿ ಮೊದಲಾದ ವೀರರು ಸೋಲು ಖಂಡಿತವೆಂದು ತಿಳಿದೂ ಹಿಂಜರಿಯದೆ ಪ್ರಾಣ ಕೊಟ್ಟರು. ಆಗಸ್ಟ್ ೧೩ರಂದು ಯುವರಾಜ ಟಿಕೇಂದ್ರಜಿತನನ್ನೂ ವೃದ್ಧನಾದ ಥಂಗಾಲ್ ಜನರಲನನ್ನೂ ಬಹಿರಂಗವಾಗಿ ಗಲ್ಲಿಗೇರಿಸಿದರು. ಅಲ್ಲಿ ಟಿಕೇಂದ್ರಜಿತನು ಅರಸನಲ್ಲದಿದ್ದರೂ ಅರಸನು ಹೊರಬೇಕಾದುದನ್ನು ಹೊತ್ತನು. ಆದುದರಿಂದಲೇ ಪಟ್ಟವೇರಿದ ಅನೇಕರನ್ನು ಮರೆತ ಜನರು ಪಟ್ಟವೇರದ ಅವನನ್ನು ಮರೆತಿಲ್ಲ. ಬ್ರಿಟಿಷರು ಆಮೇಲೆ ಚುರಾಚಾಂದ್ ಎಂಬ ಐದು ವರ್ಷದ ಬಾಲಕನನ್ನು ಹುಡುಕಿ ತಂದು ಸಿಂಹಾಸನದಲ್ಲಿ ಕೂರಿಸಿದರು. ಹುಟ್ಟಿನ ಹಕ್ಕು ದೇವರು ಕೊಟ್ಟದ್ದೆಂದು ಅರಸರು ಹೇಳಿಕೊಳ್ಳುವುದುಂಟು. ಆದರೆ ಅದಕ್ಕೆ ಮೊಹರು ಒತ್ತುವವರು ಕಾಲಕಾಲಕ್ಕೆ ಬೇರೆಯಾಗುತ್ತಾರೆ.

ಚುರಾಚಾಂದ್ ಮಹಾರಾಜರ ಕಾಲವು ನಮ್ಮ ವಿಚಾರಕ್ಕೆ ಬಹಳ ಮುಖ್ಯವಾದುದು. ಬ್ರಹ್ಮಸಭೆ ಎಂಬ ಧಾರ್ಮಿಕ ಮಂಡಲಿಯು ಅರಸನ ಆಶ್ರಯದಲ್ಲಿ ಬಲವಾಯಿತು. 'ಮಂಗ್ಬಾ', ಎಂದರೆ ಮೈಲಿಗೆಯಾದವನು, ಎಂದು ಸಭೆಯು ಸಾರಿದರೆ ಆ ಮನುಷ್ಯನೂ ಅವನ ಕುಟುಂಬವೂ ಜಾತಿಭ್ರಷ್ಟರು. ಮರಳಿ 'ಸೆಂಗ್ಬಾ', ಎಂದರೆ ಶುದ್ಧ, ಎನಿಸಿಕೊಳ್ಳಬೇಕಾದರೆ ಹಣ ತೆರಬೇಕು. ಹಣೆಗೆ ಗಂಧವಿಟ್ಟುಕೊಳ್ಳುವುದಕ್ಕೂ ಒಂದು ತೆರಿಗೆಯಿತ್ತು! ಹುಟ್ಟಿನ ಮೇಲೆ, ಮಡಿಮೈಲಿಗೆಯ ಮೇಲೆ ಮನುಷ್ಯನನ್ನು ಅಳೆಯುವುದು ಎಂತಹ ಕ್ರೌರ್ಯವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಹಿಂದೆ ನಾಡಿನ ಪಾಪವನ್ನು ತೊಳೆಯುವ ಹೊಣೆಯನ್ನು ಹೊತ್ತಿದ್ದ ಸಿಂಹಾಸನವೇ ಈಗ ಪ್ರಜೆಗೆ ಪಾಪವನ್ನು ಹಚ್ಚಿ, ತೊಳೆಯುವುದಕ್ಕೆ ಕಾಸು ಕೇಳಿತು. ಹೊರುವುದು ಹೊರಿಸುವುದಾಗಿ ಮಾರ್ಪಟ್ಟಿತು.

೧೯೩೯ರ ಡಿಸೆಂಬರ್ ೧೨ರಂದು ಇದಕ್ಕೆ ಉತ್ತರ ಬಂದಿತು. ನಾಡಿನಲ್ಲಿ ಅಕ್ಕಿಗೆ ಅಭಾವ. ಆದರೂ ವರ್ತಕರ ಗಿರಣಿಗಳಿಂದ ಅಕ್ಕಿಯು ಹೊರನಾಡಿಗೆ ಸಾಗುತ್ತಲೇ ಇತ್ತು. ತಾಯಂದಿರ ಸಂತೆಯ ಹೆಂಗಸರು ದರ್ಬಾರಿನ ಕಚೇರಿಗೆ ಬಂದು, ಅಕ್ಕಿಯನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿರೆಂದು ಕೇಳಿದರು. ಅಪ್ಪಣೆ ಕೊಡಬೇಕಾದವರು ಮಹಾರಾಜರು ಎಂಬ ಉತ್ತರ ಬಂದಿತು. ಮಹಾರಾಜರೆಲ್ಲಿ? ಅವರು ದೂರದ ನವದ್ವೀಪದಲ್ಲಿದ್ದರು. ಹಾಗಾದರೆ ತಂತಿ ಕಳುಹಿಸಿರೆಂದು ಹೆಂಗಸರು ದರ್ಬಾರಿನ ಅಧ್ಯಕ್ಷನನ್ನು ತಂತಿ ಕಚೇರಿಗೆ ಕರೆದೊಯ್ದು, ಉತ್ತರ ಬರುವವರೆಗೆ ಕದಲುವುದಿಲ್ಲವೆಂದು ಸುತ್ತುವರಿದು ಕುಳಿತರು. ಸೈನಿಕರು ಬಂದೂಕಿನ ಈಟಿಯಿಂದ ಅವರನ್ನು ಇರಿದು ಚದುರಿಸಿದರು, ಅನೇಕರು ಗಾಯಗೊಂಡರು. 'ನೂಪಿ ಲಾನ್', ಎಂದರೆ ಹೆಂಗಸರ ಯುದ್ಧ, ಎಂದು ಇದು ಪ್ರಸಿದ್ಧವಾಗಿದೆ.

ವಾಚಕರೇ, ಆ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿರಿ. ಮನೆಯಲ್ಲಿ ಒಲೆ ಹೊತ್ತಿಸಬೇಕಾದ ತಾಯಂದಿರು ತಂತಿ ಕಚೇರಿಯ ಮುಂದೆ ಅರಸನ ಒಂದು ಮಾತಿಗಾಗಿ ಕಾಯುತ್ತಿದ್ದಾರೆ. ಅರಸನು ತೀರ್ಥದಲ್ಲಿದ್ದಾನೆ. ಪುಣ್ಯವು ಅವನದು, ಹಸಿವು ಅವರದು. ಅರಸೊತ್ತಿಗೆಯ ಮೇಲೆ ಎಷ್ಟೋ ಗ್ರಂಥಗಳನ್ನು ಬರೆದರೂ ಈ ಒಂದು ದೃಶ್ಯವು ಹೇಳುವುದನ್ನು ಹೇಳುವುದು ಕಷ್ಟ.

ಕೊನೆಯ ಘಟ್ಟವು ಬೋಧಚಂದ್ರ ಮಹಾರಾಜರದು. ಅವರ ಕಾಲದಲ್ಲಿ, ೧೯೪೭ರಲ್ಲಿ, ಮಣಿಪುರವು ತನ್ನದೇ ಆದ ಸಂವಿಧಾನ ಶಾಸನವನ್ನು ಪಡೆಯಿತು. ೧೯೪೮ರಲ್ಲಿ ವಯಸ್ಕ ಮತದಾನದಿಂದ ಶಾಸನಸಭೆಯು ಚುನಾಯಿತವಾಗಿ, ಆ ಅಕ್ಟೋಬರಿನಲ್ಲಿ ಮಹಾರಾಜರೇ ಅದನ್ನು ಉದ್ಘಾಟಿಸಿದರು. ನಮ್ಮ ದೇಶದ ಮೊದಲ ಮಹಾಚುನಾವಣೆಗಿಂತಲೂ ಇದು ಮೊದಲು. ಅರಸನು ಸಂವಿಧಾನಬದ್ಧನಾದನು; ಅಧಿಕಾರವು ಜನರ ಕೈಗೆ ಸಾಗುತ್ತಲಿತ್ತು. ಮರುವರ್ಷ ಮಾತುಕತೆಗಾಗಿ ಶಿಲಾಂಗಿಗೆ ಹೋದ ಮಹಾರಾಜರ ಮುಂದೆ ವಿಲೀನದ ಒಪ್ಪಂದಪತ್ರ ಬಂದಿತು. ನನ್ನ ಮಂತ್ರಿಗಳೊಡನೆಯೂ ಜನರೊಡನೆಯೂ ಸಮಾಲೋಚಿಸಬೇಕೆಂದು ಅವರು ಕೇಳಿಕೊಂಡರೂ ಅದಕ್ಕೆ ಆಸ್ಪದವಾಗಲಿಲ್ಲ. ೧೯೪೯ರ ಸೆಪ್ಟೆಂಬರ್ ೨೧ರಂದು ಸಹಿ ಬಿದ್ದಿತು. ಅಕ್ಟೋಬರ್ ೧೫ರಿಂದ ಮಣಿಪುರವು ಭಾರತದಲ್ಲಿ ವಿಲೀನವಾಯಿತು. ಶಾಸನಸಭೆಯು ಇಲ್ಲವಾಯಿತು. ಮಣಿಪುರಕ್ಕೆ ಪೂರ್ಣ ರಾಜ್ಯದ ಸ್ಥಾನ ದೊರೆತುದು ೧೯೭೨ರಲ್ಲಿ.

ವಿಲೀನವು ಬೇಕಾಗಿತ್ತೇ ಬೇಡವಾಗಿತ್ತೇ ಎಂಬ ರಾಜಕೀಯ ಚರ್ಚೆಯು ಇಲ್ಲಿ ನಮ್ಮ ವಿಷಯವಲ್ಲ. ನೀತಿಯ ಪ್ರಶ್ನೆಯನ್ನು ಮಾತ್ರ ಕೇಳೋಣ. ಜನರಿಗೆ ಕೊಟ್ಟುಬಿಟ್ಟ ವಸ್ತುವನ್ನು ಅರಸನೊಬ್ಬನ ಸಹಿಯಿಂದ ಮತ್ತೊಬ್ಬರಿಗೆ ಕೊಡುವುದು ಸಾಧ್ಯವೇ? ಸಾಧ್ಯವಿಲ್ಲವೆಂಬುದನ್ನು ಆ ಅರಸನೇ ಅರಿತಿದ್ದನೆಂದು ತೋರುತ್ತದೆ. ಆದುದರಿಂದಲೇ ಜನರನ್ನು ಕೇಳಬೇಕೆಂದನು. ಆದರೆ ಎದುರಿಗಿದ್ದವರಿಗೆ ಬೇಕಾದುದು ವಂಶದಿಂದ ಬಂದ ಆ ಒಂದು ಹೆಸರು ಮಾತ್ರ. ಹಲವು ಶತಮಾನಗಳ ವಂಶವು ಕೊನೆಗೆ ಒಂದು ಸಹಿಯಾಗಿ ಉಳಿಯಿತು. ಆ ಸಹಿಯ ಭಾರವನ್ನು ಮಹಾರಾಜರು ೧೯೫೫ರಲ್ಲಿ ತಾವು ತೀರಿಕೊಳ್ಳುವವರೆಗೂ ಹೊತ್ತರು. ಅವರ ನಾಡು ಅದರ ಚರ್ಚೆಯನ್ನು ಇನ್ನೂ ಹೊತ್ತಿದೆ. ನಾನು ಅವರನ್ನು ನಿಂದಿಸಲಾರೆ. ಎಲ್ಲ ಬಲವೂ ಹೋದ ಮೇಲೆಯೂ 'ನನ್ನ ಜನರನ್ನು ಕೇಳಬೇಕು' ಎಂದ ಅರಸನಲ್ಲಿ ಹಳೆಯ ನಿಂಗ್ಥೌವಿನ ಒಂದು ಕಿಡಿಯಾದರೂ ಉಳಿದಿತ್ತೆಂದೇ ನನ್ನ ಭಾವನೆ.

ರಾಜಧನವು ದೇಶದಲ್ಲೆಲ್ಲ ೧೯೭೧ರಲ್ಲಿ ರದ್ದಾಯಿತು. ಸೈನಿಕರ ವಶದಲ್ಲಿದ್ದ ಕಾಂಗ್ಲಾ ಕೋಟೆಯನ್ನು ೨೦೦೪ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ವಂಶದ ಹೆಸರು ಉಳಿದಿದೆ, ಆಚರಣೆಗಳು ಉಳಿದಿವೆ. ಅವುಗಳಲ್ಲಿ ಮೇರಾ ತಿಂಗಳ ಹುಣ್ಣಿಮೆಯ ಹಬ್ಬವೊಂದು. ಬೆಟ್ಟದ ಜನರೂ ಬಯಲಿನ ಜನರೂ ಅರಮನೆಯಲ್ಲಿ ಕಲೆತು ಕಾಣಿಕೆಗಳನ್ನು ವಿನಿಮಯ ಮಾಡಿಕೊಳ್ಳುವ ಹಬ್ಬವಿದು. ಬೆಟ್ಟವನ್ನೂ ಬಯಲನ್ನೂ ಒಂದು ದಾರದಲ್ಲಿ ಕಟ್ಟುವುದು ಅರಸೊತ್ತಿಗೆಯ ಹಿರಿಯ ಕರ್ತವ್ಯವೆಂದು ಅದು ನೆನಪಿಸುತ್ತದೆ. ೨೦೨೩ರ ಮೇ ತಿಂಗಳಿನಲ್ಲಿ ಆ ದಾರವು ಹರಿದು, ಮೈತೇಯಿ ಮತ್ತು ಕುಕಿ ಜನರ ನಡುವೆ ರಕ್ತ ಹರಿದುದನ್ನು ನಾವೆಲ್ಲ ನೊಂದ ಮನಸ್ಸಿನಿಂದ ಕೇಳಿದ್ದೇವೆ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಸಂಸಾರಗಳು ಮನೆಮಠ ಕಳೆದುಕೊಂಡವು. ಆ ಪಾಪವನ್ನು ಹೊರಲು ಯಾವ ಅಧಿಕಾರಸ್ಥನೂ ಸಂತೆಯ ಬಯಲಿಗೆ ಬಂದು ನಿಲ್ಲಲಿಲ್ಲ. ಹೊತ್ತವರು ಶಿಬಿರಗಳಲ್ಲಿ ಮಲಗಿದ ತಾಯಿಮಕ್ಕಳು.

ಹೀಗಿರುವಲ್ಲಿ, ದೂರದ ಅರಸರ ಗುಣದೋಷಗಳನ್ನು ಎಣಿಸಿ ನಾವು ನೆಮ್ಮದಿಯಿಂದ ಕುಳಿತುಕೊಳ್ಳುವಂತಿಲ್ಲ. ಅರಸರು ಹೋದರು, ಆಳುವುದು ಹೋಗಲಿಲ್ಲ. ಮನೆಯ ಯಜಮಾನನಾಗಿ, ಶಾಲೆಯ ಮುಖ್ಯನಾಗಿ, ಕಚೇರಿಯ ಅಧಿಕಾರಿಯಾಗಿ, ಸಂಘಸಂಸ್ಥೆಗಳ ಪದಾಧಿಕಾರಿಯಾಗಿ ನಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ಪುಟ್ಟ ಸಿಂಹಾಸನದ ಮೇಲೆ ಕುಳಿತಿದ್ದೇವೆ. ಮೈತೇಯಿ ಮನೆಯ ಮೂಲೆಯಲ್ಲಿರುವ ಸನಾಮಹಿಯು ಹೇಳುವುದೂ ಇದನ್ನೇ. ಲೆಕ್ಕದಲ್ಲಿ ತಪ್ಪಾದಾಗ ಗುಮಾಸ್ತನ ಹೆಸರು ಹೇಳುವ ಅಧಿಕಾರಿ, ತನ್ನ ಕೋಪಕ್ಕೆ ಹೆಂಡತಿಯ ಅಡಿಗೆಯನ್ನು ನೆಪ ಮಾಡುವ ಗಂಡ, ತನ್ನ ಸೋಮಾರಿತನವನ್ನು ಶಿಷ್ಯರ ದಡ್ಡತನವೆಂದು ಕರೆಯುವ ಉಪಾಧ್ಯಾಯ, ಇವರೆಲ್ಲರೂ ಅಟ್ಟದ ಮೇಲೆ ನಿಂತು ಸ್ನಾನ ಮಾಡುವವರೇ. ಕೆಳಗೆ ಮುದುಡಿ ಕುಳಿತವರ ಮೇಲೆ ನೀರು ಬೀಳುತ್ತಲೇ ಇದೆ. ವ್ಯತ್ಯಾಸವಿಷ್ಟೇ: ಮೈತೇಯಿ ಅರಸನು ಅದನ್ನು ಎಲ್ಲರೆದುರು ಮಾಡಿ, ಹೊತ್ತವನ ಹೆಸರನ್ನು ವರ್ಷಕ್ಕೆ ಇಟ್ಟನು. ನಾವು ಗುಟ್ಟಾಗಿ ಮಾಡಿ, ಹೊತ್ತವನ ಹೆಸರನ್ನೇ ಮರೆಯುತ್ತೇವೆ.

ಆದುದರಿಂದ ಬಂಧುಗಳೇ, ಈ ವರ್ಷವು ಮುಗಿಯುವ ಮುನ್ನ ಒಮ್ಮೆ ಏಕಾಂತದಲ್ಲಿ ಕುಳಿತು ಕೇಳಿಕೊಳ್ಳೋಣ. ನಾನು ಮಾಡಿದ್ದನ್ನು ಈ ವರ್ಷ ಉಂಡವರು ಯಾರು? ಅವರ ಹೆಸರನ್ನು ನೆನಪಿಗೆ ತಂದುಕೊಳ್ಳೋಣ. ಸಾಧ್ಯವಾದರೆ ಅವರ ಬಳಿಗೆ ಹೋಗಿ, ಆ ಹೊರೆಯನ್ನು ಅವರ ತಲೆಯಿಂದ ಇಳಿಸಿ ನಮ್ಮ ಹೆಗಲಿಗೆ ಎತ್ತಿಕೊಳ್ಳೋಣ. ಗಾದೆಯ ಮಹಾರಾಯನು ನಾವೇ ಆಗಿರುವಾಗ, ಉಣ್ಣಬೇಕಾದವರೂ ನಾವೇ ಅಲ್ಲವೇ?